ವಿನೆಗರ್ ತುಕ್ಕು

ಗುಡಿಸಲಿನ ಮುಂದೆ ವಿಲ್ಮಾಳ ಮೂಗಿಗೆ ಮೊದಲು ಬಡಿದದ್ದು ವಿನೆಗರ್ ವಾಸನೆ. ಹೆಗಲ ಮೇಲಿನ ಹಿಟ್ಟಿನ ಚೀಲ ಇಳಿಸುವುದನ್ನೂ ಮರೆತು ನಿಂತಳು.

ದುಡಿಯುತ್ತಿದ್ದ ಗಣಿ ಮುಚ್ಚಿದ ವರ್ಷ ಅವಳಪ್ಪ ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ, ಬಡಿದು ಚಪ್ಪಟೆ ಮಾಡಿ, ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿ ಕಟ್ಟಿದ ರಜೆಯ ಗುಡಿಸಲು ಅದು. ಸಿಡ್ನಿಯ ದಕ್ಷಿಣಕ್ಕೆ, ರಾಷ್ಟ್ರೀಯ ಉದ್ಯಾನದ ಈ ಕಡಲಂಚಿಗೆ ಇಂದಿಗೂ ರಸ್ತೆಯಿಲ್ಲ. ಇಳಿಯುವವರು ಬರಿಗೈಲಿ ಇಳಿಯಬಾರದು, ಹತ್ತುವವರು ಕಸ ಹೊರದೆ ಹತ್ತಬಾರದು. ಅದು ಇಲ್ಲಿಯ ಕಟ್ಟಳೆ.

ಈಗ ಡಬ್ಬದ ತಗಡಿನ ಗೋಡೆಯೇ ಇರಲಿಲ್ಲ. ಅಲ್ಲಿ ಹೊಸ ಸುಕ್ಕುತಗಡು, ಅದರ ಮೇಲೆ ಎಳೆಯ ಕಿತ್ತಳೆ ತುಕ್ಕು.

"ಹೆಂಗಿದೆ ಅತ್ತೆ?" ಅಣ್ಣನ ಮಗ ಡೇರೆಲ್ ಕುಂಚ ಹಿಡಿದೇ ಬಂದ. "ಉಪ್ಪು, ವಿನೆಗರ್ ಬಳಿದ್ರೆ ಎರಡೇ ದಿನಕ್ಕೆ ನೂರು ವರ್ಷ ಹಳೇದಾಗೋಗುತ್ತೆ! ಮಧ್ಯಾಹ್ನ ತಪಾಸಣೆಗೆ ಬರೋ ಪರಂಪರೆ ಇಲಾಖೆ ಮೇಡಂ ನೋಡಿ ಬಾಯಿ ಬಿಡ್ಬೇಕು."

"ನಮ್ಮಪ್ಪನ ತಗಡೆಲ್ಲೋ?"

"ಅವಾ? ಹಸಿರು ಬಣ್ಣ, ತೇಪೆ... ಹಳೇದು ಅಂತ ಅನ್ನಿಸ್ತಾನೇ ಇರ್ಲಿಲ್ಲ. ಹಿಂದಿನ ಹಳ್ಳಕ್ಕೆ ಎಸ್ದೆ."

ಉದ್ಯಾನದೊಳಗೆ ಗುಡಿಸಲು ಉಳಿಯಬೇಕಾದರೆ ಪರಂಪರೆ ಇಲಾಖೆಯ ಪರವಾನಗಿ ಬೇಕು. ಮೂಲ ಗೋಡೆ ಹೋದರೆ ಪರವಾನಗಿ ಹೋಯಿತು. ಪರವಾನಗಿ ಹೋದರೆ ಗುಡಿಸಲು ನೆಲಸಮ. ಸಾಲದ್ದಕ್ಕೆ ಅಪ್ಪನ ಒಲೆಯ ಮೇಲೊಂದು ಕಾಫಿ ಯಂತ್ರ ಹಲ್ಲು ಕಿರಿಯುತ್ತ ಕುಳಿತಿತ್ತು.

"ಎಲ್ಲಾ ತಗಡೂ ಎತ್ಕೊಂಡ್ ಬಾ."

"ಸುಮ್ನಿರತ್ತೆ. ಆಯಮ್ಮ ಹೊಸಬ್ಳು, ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲೋ, ನಾಚಿಕೆಗೆಟ್ಟವನೆ!"

ಅಧಿಕಾರಿ ಕೊರಿನ್ ಗುಡ್ಡ ಇಳಿದು ಬಂದಾಗ ವಿಲ್ಮಾ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುಕ್ಕುತಗಡು ಕಿತ್ತ ಜಾಗಕ್ಕೆ ಹಳ್ಳದಿಂದ ಬಂದ ಮೂರನೇ ತಗಡು ಬಡಿಯುತ್ತಿದ್ದಳು. ಮೊಳೆ ಉಗುಳಿ, ನಡೆದದ್ದೆಲ್ಲ ಹೇಳಿಬಿಟ್ಟಳು. ಪರವಾನಗಿ ಇದ್ದರೆಷ್ಟು, ಹೋದರೆಷ್ಟು. ಆ ಕಳ್ಳ ತುಕ್ಕಿಗೆ ಅಪ್ಪನ ಹೆಸರು ಹೇಳಲು ಅವಳಿಂದಾಗದು.

ಕೊರಿನ್ ಹಳೆಯ ಫೋಟೋ ಹಿಡಿದು ತಗಡುಗಳನ್ನು ಒಂದೊಂದಾಗಿ ತಾಳೆ ನೋಡಿದಳು. ಹನ್ನೊಂದೂ ಇದ್ದವು.

"ಹಳೇ ತೂತಿಗೇ ಮೊಳೆ ಹೊಡೀರಿ. ಮುಂದಿನ ವಾರ ಬರ್ತೀನಿ, ಸರಿಯಿದ್ರೆ ಸಹಿ ಹಾಕ್ತೀನಿ," ಎಂದಳು. ಹೊರಡುವಾಗ ಒಡೆದ ಬಾಟಲಿಗಳ ಚೀಲವೊಂದನ್ನು ತಾನಾಗಿ ಎತ್ತಿಕೊಂಡಳು.

ವಿಲ್ಮಾ ಕಾಫಿ ಯಂತ್ರವನ್ನು ಡೇರೆಲ್‌ನ ಬೆನ್ನಿಗೆ ಬಿಗಿದಳು.

"ಅತ್ತೆ, ಇದನ್ನ ಹೆಲಿಕಾಪ್ಟರ್‌ನಲ್ಲಿ ತಂದಿದ್ದು!"

"ಬಂದಿದ್ದು ಹೆಂಗಾದ್ರೂ ಇರ್ಲಿ, ಹೋಗೋದು ಬೆನ್ನ ಮೇಲೆ. ಕಸ ಹೊರದೆ ಯಾರೂ ಹತ್ತಲ್ಲ."

"ಇದು ಕಸಾನಾ?"

"ನೀನು ಹೊತ್ಕೊಂಡು ನಡಿ. ಸುಕ್ಕುತಗಡಿಗೆ ಇನ್ನೂ ಆರು ಸಲ ಬರ್ಬೇಕು."

ಅವನು ಏದುಸಿರು ಬಿಡುತ್ತ ಹತ್ತತೊಡಗಿದ. ವಿಲ್ಮಾ ವಿನೆಗರ್ ಹತ್ತಿದ ಕೈಯನ್ನು ಮರಳು ಹಾಕಿ ಕಡಲ ನೀರಲ್ಲಿ ಉಜ್ಜಿದಳು, ಮೂಸಿದಳು, ಮತ್ತೆ ಉಜ್ಜಿದಳು.