ಅಂಗೈ ಸುಣ್ಣ

ಸುಣ್ಣ ಚುರುಗುಟ್ಟುತ್ತಿದೆ, ಬಲಗೈ ಮುಷ್ಟಿಯೊಳಗೆ, ಹೆಬ್ಬೆರಳ ಬುಡದ ಹಳೇ ಬಿರುಕಿನಲ್ಲಿ, ಉರಿಯಲಿ, ಬೆವರಿಗೆ ಕಲೆಸಿ ಹಸಿ ಗಾರೆಯ ಹಾಗಾಗಲಿ — ಕಬಡ್ಡಿ ಕಬಡ್ಡಿ ಕಬಡ್ಡಿ — ಬಾಯಿ ಅದರ ಪಾಡಿಗೆ ಹೇಳಿಕೊಂಡು ಹೋಗುತ್ತದೆ, ಪಾಲಾಕ್ಷ ಅದಕ್ಕೇನೂ ಕಲಿಸಿಕೊಡಬೇಕಾಗಿಲ್ಲ, ಎಡಗಾಲು ನಡುಗೆರೆ ದಾಟಿತು, ಹಾಸನದ ಮೈದಾನದ ಮಣ್ಣು ಮಧ್ಯಾಹ್ನದ ಬಿಸಿಲು ಕುಡಿದು ಇನ್ನೂ ಬೆಚ್ಚಗಿದೆ, ಎದುರು ಅಂಕಣದಲ್ಲಿ ಏಳು ಜನ ಇರಬೇಕಾದ ಕಡೆ ಒಬ್ಬನೇ ಒಬ್ಬ, ಕಡುನೀಲಿ ಬನಿಯನ್ನಿನ ಮಂಜುನಾಥ, ಅರಕಲಗೂಡು ತಂಡದ ಕ್ಯಾಪ್ಟನ್, ಮಿಕ್ಕ ಆರೂ ಜನ ಔಟಾಗಿ ಗೆರೆಯಾಚೆ ಸಾಲಾಗಿ ಕೂತು ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಿದ್ದಾರೆ, ಅವರನ್ನು ಅಲ್ಲಿ ಕೂರಿಸಿದ್ದು ಇದೇ ಕೈ. ಇವನ ಹಳೇಕೋಟೆ ತಂಡ ಒಂದು ಪಾಯಿಂಟು ಹಿಂದೆ, ಇದು ಫೈನಲ್ಲಿನ ಕಡೇ ರೈಡು, ಮುಟ್ಟಿ ಬಂದರೆ ಏಳೂ ಜನ ಔಟು, ಅದರ ಎರಡು ಪಾಯಿಂಟೂ ಸೇರಿ ಕಪ್ಪು ಹಳೇಕೋಟೆಗೆ, ಬರಿಗೈಲಿ ಬಂದರೆ ಅರಕಲಗೂಡಿಗೆ, ಲೆಕ್ಕ ಎಷ್ಟು ಸಲೀಸು, ಎಲ್ಲರಿಗೂ ಗೊತ್ತಿರುವ ಲೆಕ್ಕ, ಆದರೆ ಇನ್ನೊಂದು ಲೆಕ್ಕ ಗೊತ್ತಿರುವುದು ಇವನಿಗೆ ಮತ್ತು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುವ ಬಸವರಾಜುಗೆ, ಜಿಲ್ಲಾ ಕಬಡ್ಡಿ ಒಕ್ಕೂಟದ ಅಧ್ಯಕ್ಷರಿಗೆ, ಮಂಜುನಾಥನ ಅಪ್ಪನಿಗೆ. ಮುಟ್ಟಿದರೆ ಕೆಲಸ ಹೋಗುತ್ತದೆ. ಮುಟ್ಟದಿದ್ದರೆ ಉಳಿಯುತ್ತದೆ — ಕಬಡ್ಡಿ ಕಬಡ್ಡಿ — ಏಯ್ ಪಾಲಾಕ್ಷ, ಕಚ್ಬ್ಯಾಡ ಕಣ್ಲಾ, ಅಂತ ಯಾರೋ ಹಿಂದಿನಿಂದ ಕೂಗಿದ, ಜನ ಗೊಳ್ಳೆಂದರು, ನಗಲಿ, ನಗುವ ಜನ ಎದ್ದು ಹೋಗುವುದಿಲ್ಲ, ನೋಡುತ್ತಾರೆ, ಇವತ್ತು ನೋಡುವವರೇ ಬೇಕು.

ಕಚ್ಚಿದ್ದು ನಿಜ, ಇಲ್ಲ ಅಂದವನಲ್ಲ, ಚನ್ನರಾಯಪಟ್ಟಣದ ಪಂದ್ಯದಲ್ಲಿ, ಆ ಭಾರೀ ಆಳು ಹಿಂದಿನಿಂದ ತಬ್ಬಿ ಮೊಣಕೈ ತಂದು ಬಾಯಿಗೆ ತುರುಕಿದ, ಉಸಿರು ಕಟ್ಟಿಸಬೇಕು, ಕಬಡ್ಡಿ ಅನ್ನುವ ಮಾತು ನಿಲ್ಲಿಸಬೇಕು, ಅದು ಆಟದಲ್ಲಿ ತಪ್ಪು ಅಂತ ಅವನಿಗೂ ಗೊತ್ತು, ಅಂಪೈರಿಗೂ ಗೊತ್ತು, ಬಾಯಿಗೆ ಕೈ ತುರುಕಿದರೆ ಬಾಯಿ ಇನ್ನೇನು ಮಾಡುತ್ತದೆ, ಹಲ್ಲಿರುವುದೇ ಅದಕ್ಕೆ. ಮಾರನೇ ದಿನದ ಪತ್ರಿಕೆಯಲ್ಲಿ ಕಚ್ಚುವ ಪಾಲಾಕ್ಷ ಅಂತ ಬಂತು, ಫೋಟೋ ಸಮೇತ, ಬಾಯಿ ಮುಚ್ಚಿಸಲು ಹೋದವನ ಹೆಸರನ್ನು ಯಾರೂ ಬರೆಯಲಿಲ್ಲ, ಹಲ್ಲಿನ ಬಗ್ಗೆ ಬರೆದರು. ಸಣ್ಣಯ್ಯ ಅದನ್ನು ಓದಿಸಿಕೊಂಡು ಕೇಳಿ ನಕ್ಕುಬಿಟ್ಟ, ಸಣ್ಣಯ್ಯ ಅಂದರೆ ತಾಯಿಯ ಅಣ್ಣ, ಕೆರೆಯಂಗಳದ ಒಣಮಣ್ಣಿನ ಮೇಲೆ ಆಟ ಕಲಿಸಿದವನು, ಫೋಟೋ ಚೆಂದಾಗದೆ ಬುಡ್ಲಾ, ನಮ್ ಕೇರಿಯೋರು ಪೇಪರ್ನಾಗೆ ಬಂದಿದ್ದು ಇದೇ ಮೊದ್ಲು, ಅಂದ. ಅವನು ಕಲಿಸಿದ್ದರಲ್ಲಿ ಕಾಲು ಹಾಕುವುದಾಗಲಿ ಪಟ್ಟು ಬಿಡಿಸಿಕೊಳ್ಳುವುದಾಗಲಿ ಮೊದಲನೆಯದಲ್ಲ, ಮೊದಲನೆಯದು ಒಂದೇ ಒಂದು ಮಾತು, ಮುಟ್ಟುಸ್ಕಂಡೋನು ತಾನೇ ಕೈ ಎತ್ತಿ ಆಚ್ಗೆ ಓಗ್ಬೇಕು ಕಣ್ಲಾ, ಅಂಪೈರು ಕಾಣ್ಲಿ ಬುಡ್ಲಿ, ಅದೇ ಆಟ, ಮಿಕ್ಕಿದ್ದೆಲ್ಲ ಬರೀ ಕುಸ್ತಿ. ಆ ಮಾತು ನಂಬಿಕೊಂಡು ಬೆಳೆದ ಕೈ ಇದು, ಎಷ್ಟು ಸಲ ಎತ್ತಿದೆ, ಯಾರೂ ಕಾಣದಿದ್ದಾಗಲೂ ಎತ್ತಿ ಗೆರೆಯಾಚೆ ಹೋಗಿ ಕೂತಿದೆ — ಕಬಡ್ಡಿ ಕಬಡ್ಡಿ ಕಬಡ್ಡಿ — ಮಂಜುನಾಥ ಎಡಮೂಲೆಗೆ ಸರಿಯುತ್ತಾನೆ, ಸರಿಯಲಿ, ಮೂಲೆಗೆ ಹೋದಷ್ಟೂ ಅಪ್ಪನ ಕುರ್ಚಿಗೆ ಹತ್ತಿರ.

ಹೊಳೆನರಸೀಪುರದ ಹೊಳೆದಂಡೆ, ಮರಳಿನ ಮೇಲೆ ಓಡಿಸುತ್ತಿದ್ದ ಸಣ್ಣಯ್ಯ, ತಾಲ್ಲೂಕು ತಂಡ, ಜಿಲ್ಲಾ ತಂಡ, ಬೆಂಗಳೂರಿನ ಕಾರ್ಖಾನೆಯವರು ಬಂದು ನೋಡಿ, ನಮ್ಮ ಟೀಮಿಗೆ ಆಡ್ತೀಯೇನಪ್ಪಾ, ಕೆಲಸ ಕೊಡ್ತೀವಿ, ಆಡಿದ್ರೆ ಸಾಕು, ಅಂದದ್ದು, ನಂಬದೆ ಇವನು ಎರಡು ಸಲ ಕೇಳಿದ್ದು, ಆಡೋದೇ ಕೆಲಸಾನಾ ಸಾ? ಕೇರಿಯಲ್ಲಿ ಆಟ ಆಡಿ ಸಂಬಳ ತಂದವನು ಅದಕ್ಕೆ ಮೊದಲು ಯಾರಿದ್ದ? ರಾಜ್ಯ ತಂಡಕ್ಕೆ ಆಡಿ ಬಂದಾಗ ಊರಿನವರು ಹಾರ ಹಾಕಿದರು, ಹಾಕಿದ್ದು ನಿಜ, ಸ್ವಲ್ಪ ದೂರದಿಂದ, ಎಸೆದ ಹಾಗೆ. ಗೆರೆಯೊಳಗೆ ಆ ದೂರ ಇರಲಿಲ್ಲ, ಅದಕ್ಕೇ ಈ ಆಟ ಇಷ್ಟು ರುಚಿ ಹತ್ತಿದ್ದು, ಗೆರೆಯೊಳಗೆ ಏಳು ಜನ ಮೈಮೇಲೆ ಬೀಳುತ್ತಾರೆ, ಅವರ ಬೆವರು ಇವನಿಗೆ, ಇವನದು ಅವರಿಗೆ, ಕಾಲು ಹಿಡಿಯುತ್ತಾರೆ, ಹೌದು, ಗೌಡರ ಮಕ್ಕಳು ಇವನ ಕಾಲು ಹಿಡಿದು ಜಗ್ಗುತ್ತಾರೆ, ಸೀಟಿ ಊದಿದ ಮೇಲೆ ಅದೇ ಹುಡುಗರ ಮನೆಯ ಆಳು ತಂಬಿಗೆ ತಂದು ಅವರ ಕೈಗೆ ಕೊಟ್ಟು, ಇವನ ಹತ್ತಿರ ಬಂದಾಗ, ಬೊಗಸೆ ಒಡ್ಡಪ್ಪಾ, ಅಂತ ಮೇಲಿನಿಂದ ಹುಯ್ಯುತ್ತಾನೆ. ಇವನು ಒಡ್ಡಲಿಲ್ಲ. ಬಾಯಾರಿಕೆ ಇಲ್ಲ ಕಣಣ್ಣ ಅಂದ, ನಾಲಗೆ ಮರದ ತುಂಡಾಗಿತ್ತು, ಆದರೂ ಅಂದ. ಸೊಕ್ಕು ಅಂದರು. ಕಾರ್ಖಾನೆಯ ಕ್ಯಾಂಪಿಗೆ ಚಕ್ಕರ್ ಹೊಡೆದು ಊರಿನ ತಂಡಕ್ಕೆ ಆಡಿದಾಗಲೂ ಸೊಕ್ಕು ಅಂದರು, ಅಂಪೈರಿಗೆ ಎದುರು ಮಾತಾಡಿದಾಗಲೂ ಅದನ್ನೇ, ಬೇರೆಯವರು ಮಾಡಿದರೆ ಆಟಗಾರನ ಬಿಸಿರಕ್ತ, ಇವನು ಮಾಡಿದರೆ ಸೊಕ್ಕು, ಆಗಲಿ, ಸೊಕ್ಕೇ ಇರಲಿ, ದುಡಿದು ಸಂಪಾದಿಸಿದ ಸೊಕ್ಕು — ಕಬಡ್ಡಿ ಕಬಡ್ಡಿ — ಉಸಿರಿದೆ, ಹೊಟ್ಟೆಯ ತಳದಲ್ಲಿ ಇನ್ನೂ ಅರ್ಧ ಕೊಡ ಉಸಿರಿದೆ, ಅವಸರವಿಲ್ಲ, ಬಲಕ್ಕೊಂದು ಹೆಜ್ಜೆ ಕೊಟ್ಟು ಹಿಂದಕ್ಕೆ, ಮಂಜುನಾಥನ ಕಣ್ಣು ಇವನ ಪಾದದ ಮೇಲೆ, ಮುಷ್ಟಿಯ ಮೇಲೆ ಅಲ್ಲ.

ಐದು ಬೆರಳು. ಎರಡು ವರ್ಷದ ಹಿಂದೆ ಅರಕಲಗೂಡಿನಲ್ಲಿ ನಡೆದ ಫೈನಲ್ಲು, ನಾಲ್ಕೂ ಕಡೆ ಟ್ಯೂಬ್‌ಲೈಟು, ಮಂಜುನಾಥನಿಗೆ ಅಪ್ಪ ತಂದುಕೊಟ್ಟ ಹೊಸ ಬಿಳಿ ಬನಿಯನ್ನು, ಕೆಮ್ಮಣ್ಣಿನ ಅಂಕಣಕ್ಕೆ ಸಂಜೆ ನೀರು ಚಿಮುಕಿಸಿದ್ದರು, ಪಾಲಾಕ್ಷ ತಿರುಗಿ ಓಡುವವನ ಹಾಗೆ ಮಾಡಿ ಚಂಗನೆ ಹಾರಿ ಬೆನ್ನಿಗೆ ಅಂಗೈ ಒತ್ತಿ ಬಂದ, ಬಿಳಿಯ ಮೇಲೆ ಕೆಂಪಗೆ ಐದು ಬೆರಳು, ಅಂಗೈಯ ಗೆರೆ ಸಮೇತ, ಗೋಡೆಗೆ ಒತ್ತಿದ ಕೈಗುರುತಿನ ಹಾಗೆ. ಜನ ಎದ್ದು ಶಿಳ್ಳೆ ಹೊಡೆದರು. ಮಂಜುನಾಥ ಕೈ ಎತ್ತಲಿಲ್ಲ. ನಿಂತೇ ಇದ್ದ, ಸೊಂಟದ ಮೇಲೆ ಕೈ ಇಟ್ಟು, ಇವ್ನೆಲ್ಲಿ ನನ್ನ ಮುಟ್ದ ಸಾ, ಅಂದ. ಅಂಪೈರು ಚಂದ್ರಶೇಖರಯ್ಯ, ಕಾಲೇಜಿನ ಪಿ.ಟಿ. ಮೇಷ್ಟ್ರು, ಮೊದಲು ಬನಿಯನ್ನಿನ ಕಡೆ ನೋಡಿದರು, ಆಮೇಲೆ ಕುರ್ಚಿಯ ಕಡೆ ನೋಡಿದರು, ಬಿದ್ದಾಗ ಆಗಿರೋ ಮಣ್ಣು, ಆಟ ಮುಂದುವರೀಲಿ, ಅಂದರು. ಬಿದ್ದಾಗ! ಯಾವ ನೆಲಕ್ಕೆ ಬೆರಳಿರುತ್ತದೆ? ಇವನು ಹೋಗಿ ಮಂಜುನಾಥನ ರಟ್ಟೆ ಹಿಡಿದ, ಕುರ್ಚಿಗಳ ಮುಂದೆ ಎಳೆದುಕೊಂಡು ಹೋಗಿ ಬೆನ್ನು ತಿರುಗಿಸಿ ನಿಲ್ಲಿಸಿದ, ತನ್ನ ಅಂಗೈಯನ್ನು ಆ ಗುರುತಿನ ಪಕ್ಕ ಹಿಡಿದ, ನೋಡ್ಕಳಿ, ಎಲ್ರೂ ನೋಡ್ಕಳಿ, ಅಂದ, ಅಷ್ಟೇ, ಒಂದು ಏಟು ಹೊಡೆಯಲಿಲ್ಲ, ಬಟ್ಟೆಯ ಒಂದು ನೂಲು ಕೀಳಲಿಲ್ಲ. ಪತ್ರಿಕೆ ಮೈದಾನದಲ್ಲಿ ರೌಡಿಸಂ ಅಂತ ಬರೆಯಿತು. ಒಕ್ಕೂಟ ಎರಡು ವರ್ಷ ಆಟದಿಂದ ಹೊರಗಿಟ್ಟಿತು, ಕಾರ್ಖಾನೆಯವರು ಆಡದವನಿಗೆ ಏನು ಕೆಲಸ ಅಂತ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಲು ಹಾಕಿದರು, ಎರಡು ವರ್ಷ ಕಳೆದ ಮೇಲೂ ಒಕ್ಕೂಟ ಆಡಲು ಬಿಡದಿದ್ದರೆ ಅದೂ ಇಲ್ಲ ಅಂದರು. ಎತ್ತಿದ. ಪೆಟ್ಟಿಗೆ ಎತ್ತಿದ ಭುಜ ಇನ್ನಷ್ಟು ಗಟ್ಟಿಯಾಯಿತು, ಅವರಿಗೇ ನಷ್ಟ.

ಆದರೆ ಆ ಬನಿಯನ್ನು. ಪಂದ್ಯ ಮುಗಿದ ಮೇಲೆ ಮಂಜುನಾಥ ಅದನ್ನು ಬಿಚ್ಚಿ ಅಲ್ಲೇ ಬೇಲಿಯ ಮೇಲೆ ಎಸೆದು ಹೋದ, ಹೊಸದು, ಎಲ್ಲೂ ಹರಿದಿರಲಿಲ್ಲ, ಸೋಪು ಹಾಕಿದರೆ ಹೋಗುವ ಮಣ್ಣು. ಸಣ್ಣಯ್ಯ ಅದನ್ನು ಕೋಲಿನಲ್ಲಿ ಇಳಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿ, ಮುಟ್ಟೇ ಇಲ್ಲ ಅಂದೋರು ಎಸ್ದಿದ್ಯಾಕ್ಲಾ, ಅಂದ. ಅಷ್ಟೇ ಅಂದದ್ದು. ಅವ್ವ ಮಾಯಮ್ಮ ಅದನ್ನು ಒಗೆಯಲಿಲ್ಲ, ಬಾಗಿಲ ಪಕ್ಕದ ಗೂಟಕ್ಕೆ ಬೆನ್ನು ಮುಂದೆ ಮಾಡಿ ನೇತುಹಾಕಿದಳು, ಎರಡು ವರ್ಷ ಊರಿಗೆ ಬಂದಾಗಲೆಲ್ಲ ಪಾಲಾಕ್ಷ ಮನೆಯೊಳಗೆ ಹೋಗುತ್ತಾ ತನ್ನ ಕೈಗುರುತನ್ನು ತಾನೇ ನೋಡಿಕೊಂಡು ಹೋದ, ಐದು ಬೆರಳು. ಆಮೇಲಿಂದ ಅರಕಲಗೂಡಿನವರು ಬಿಳಿ ಬನಿಯನ್ನು ಹಾಕುವುದು ಬಿಟ್ಟರು, ಕಡುನೀಲಿ, ಮಣ್ಣು ಕಾಣದ ಬಣ್ಣ, ಬುದ್ಧಿವಂತರು — ಕಬಡ್ಡಿ ಕಬಡ್ಡಿ ಕಬಡ್ಡಿ — ಮಣ್ಣು ಕಾಣುವುದಿಲ್ಲ, ಹೌದು.

ಹೋದ ವಾರ ಬಸವರಾಜು ಹಾಸನದ ತಮ್ಮ ಕಚೇರಿಗೆ ಕರೆಸಿದರು, ಕಾಫಿ ತರಿಸಿದರು, ಈಗೀಗ ಲೋಟದಲ್ಲೇ ಕೊಡುತ್ತಾರೆ, ಪ್ಲಾಸ್ಟಿಕ್ಕಿನದು, ಕುಡಿದು ಎಸೆಯುವಂಥದು. ನೋಡು ಪಾಲಾಕ್ಷ, ಹಳೇದೆಲ್ಲ ಬುಟ್ಟಾಕು, ನಿನ್ನಂಥ ಆಟಗಾರ ಗೋಡೌನ್ನಾಗೆ ಇರೋದು ನಮ್ ಜಿಲ್ಲೆಗೇ ಅವಮಾನ ಕಣಯ್ಯ, ಫೈನಲ್ ಆಡು, ಮಾರ್ನೇ ದಿನ್ವೇ ಕಾರ್ಖಾನೇಗೆ ಫೋನ್ ಮಾಡಿ ನಿನ್ ಮೇಲೆ ಏನೂ ಇಲ್ಲ ಅಂತೀನಿ. ಒಂದೇ ಮಾತು, ನಮ್ ಹುಡ್ಗನ ತಂಟೆಗೆ ಓಗ್ಬ್ಯಾಡ, ಮದ್ವೆ ಗೊತ್ತಾಗದೆ, ಬೀಗರು ನೋಡಕ್ ಬತ್ತಾವ್ರೆ, ಅವನೊಬ್ಬನ್ನ ಬುಟ್ಟು ಇನ್ನಾರ್ ಜನ ಇಲ್ವಾ, ಯಾರನ್ನ ಬೇಕಾದ್ರೂ ಮುಟ್ಕೋ. ಇವನು ಲೋಟ ಮೇಜಿನ ಮೇಲಿಟ್ಟ. ಆರ್ ಜನನ್ನೂ ಮುಟ್ತೀನಿ ಸಾ, ಅಂದ. ಅವರು ಮೆಚ್ಚಿ ನಕ್ಕರು, ಭುಜ ತಟ್ಟಲು ಎತ್ತಿದ ಕೈಯನ್ನು ಮೇಜಿನ ಮೇಲೇ ಇಳಿಸಿದರು. ಏಳನೆಯವನ ಬಗ್ಗೆ ಮಾತು ಕೊಟ್ಟಿಲ್ಲ, ಅವರು ಕೇಳಿಸಿಕೊಳ್ಳಲಿಲ್ಲ, ದೊಡ್ಡವರಿಗೆ ಹೂಂ ಅನ್ನುವುದೊಂದೇ ಕೇಳುತ್ತದೆ. ಆಡಿದ ಮಾತನ್ನು ಇವನು ಉಳಿಸಿಕೊಂಡಿದ್ದಾನೆ, ಆರೂ ಜನ ಆಚೆ. ಬೆಳಿಗ್ಗೆ ಹಳೇಕೋಟೆಯಲ್ಲಿ ಬಸ್ಸು ಹತ್ತುವಾಗ ಅವ್ವನಿಗೆ ಹೇಳಿದ್ದ, ಕೆಲ್ಸ ಓಗಬೌದು ಕಣವ್ವ. ಓದ್ರೆ ಓಯ್ತದೆ, ನಿಮ್ಮಪ್ಪ ಯಾವ್ ಕಾರ್ಖಾನೇಲಿದ್ದ, ಊಟ ಮಾಡ್ಕಂಡು ಆಡು, ಅಂದಳು.

ರೈಡಿಗೆ ಹೋಗುವ ಮುಂಚೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಎಲ್ಲ ಆಟಗಾರರ ಪದ್ಧತಿ, ಪಾಲಾಕ್ಷನೂ ಬಗ್ಗಿದ, ನಡುಗೆರೆಯ ಮೇಲೇ ಬಗ್ಗಿದ, ಹೊಸದಾಗಿ ಹಾಕಿದ ದಪ್ಪ ಸುಣ್ಣದ ಗೆರೆ, ಬೆವೆತ ಅಂಗೈಯನ್ನು ಪೂರಾ ಊರಿ ಎತ್ತಿದ, ಕಣ್ಣಿಗೆ ಒತ್ತಿಕೊಳ್ಳಲಿಲ್ಲ, ಮುಷ್ಟಿ ಕಟ್ಟಿದ. ಚಂದ್ರಶೇಖರಯ್ಯ ಗಡಿಯಾರ ನೋಡುತ್ತಿದ್ದರು. ಗೆರೆಯಾಚೆ ಕೂತ ಸಣ್ಣಯ್ಯ ಮಾತ್ರ ಕಂಡ, ಬೀಡಿ ಬಾಯಿಂದ ತೆಗೆದ — ಕಬಡ್ಡಿ ಕಬಡ್ಡಿ ಕಬಡ್ಡಿ — ಇನ್ನು ಮುಗಿಸಬೇಕು, ಮಂಜುನಾಥನ ಬೆನ್ನ ಹಿಂದೆ ಈಗ ಗೆರೆ, ಗೆರೆಯ ಹಿಂದೆ ಬೀಗರು, ಅಪ್ಪ, ಅವನು ಪಿಸುಗುಟ್ಟುತ್ತಾನೆ, ಮಾತಾಗಿತ್ತಲ್ಲೋ, ಅಂತ, ಮಾತಾಗಿತ್ತು, ಹೌದು, ಎಡಗಾಲು ಉದ್ದಕ್ಕೆ ಹೋಯಿತು, ಅವನು ಪಾದ ತಪ್ಪಿಸಲು ಹಾರಿದ, ಹಾರಿದವನ ಎದೆ ಬರಿದಾಯಿತು, ಬೆನ್ನಿಗಲ್ಲ ಈ ಸಲ, ಎದೆಗೆ, ಮುಷ್ಟಿ ಬಿಚ್ಚಿತು, ಒತ್ತಿತು, ಬಂತು, ಕಬಡ್ಡಿ, ಮೂರು ನೆಗೆತ, ಕಬಡ್ಡಿ, ನಡುಗೆರೆ, ಕಬಡ್ಡಿ, ಕಾಲು ತನ್ನ ಮಣ್ಣಿನ ಮೇಲೆ. ಉಸಿರು ಬಿಟ್ಟ. ಸೀಟಿ ಇಲ್ಲ. ಶಿಳ್ಳೆ ಇಲ್ಲ. ತಿರುಗಿ ನೋಡಿದ. ಚಂದ್ರಶೇಖರಯ್ಯನವರ ಸೀಟಿ ತುಟಿಯಲ್ಲಿದೆ, ಕಣ್ಣು ಕುರ್ಚಿಯ ಕಡೆಗೆ ಹೋಗುತ್ತಿದೆ, ಹೋಗಲಿ, ಕುರ್ಚಿಯಲ್ಲಿದ್ದವರೂ ಅಲ್ಲಿಗೇ ನೋಡುತ್ತಿದ್ದಾರೆ, ಮಂಜುನಾಥನ ಬಲಗೈ ಎದೆಯ ಹತ್ತಿರ ಬಂದು ನಿಂತಿದೆ, ಒರೆಸಬೇಕು, ಒರೆಸಬೇಕಾದರೆ ಮುಟ್ಟಬೇಕು, ಮುಟ್ಟಿದರೆ ಅವನ ಕೈಗೂ ಬೆಳ್ಳಗೆ, ಆ ಕೈ ಮೇಲೂ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ, ಅದರ ಹಿಂದೆ ಕಡುನೀಲಿಯ ಮೇಲೆ, ಬೆಳ್ಳಗೆ, ಅಂಗೈಯ ಗೆರೆ ಸಮೇತ, ಐದು ಬೆರಳು, ಐದು ಬೆರಳು