ತೂತಪ್ಪನ ಬ್ಯಾಟರಿ

ಅವನ ಹೆಸರು ಬೇರೆಯೇ ಇತ್ತು. ತೂತಪ್ಪ ಎಂಬುದು ಕಟ್ಟಡದವರು ಇಟ್ಟದ್ದು. ಬಸ್ ಕಂಡಕ್ಟರ್ ಕೆಲಸ ಮುಗಿಸಿ ಮನೆಗೆ ಬಂದವನೇ ಕೈಕಾಲು ತೊಳೆದು, ಡ್ರಿಲ್ ಹಿಡಿದು ಗೋಡೆ ನೋಡುತ್ತಾ ನಿಲ್ಲುತ್ತಿದ್ದ. ಛತ್ರಿಗೊಂದು ಕೊಕ್ಕೆ, ಬಾಚಣಿಗೆಗೊಂದು ಹಲಗೆ, ಆ ಹಲಗೆಯ ಕೆಳಗೆ ಇನ್ನೊಂದು ಹಲಗೆ. ಹೆಂಡತಿ ದರ್ಜಿ. ಅದೇ ಕೋಣೆಯ ಕಿಟಕಿ ಪಕ್ಕ ಅವಳ ಹೊಲಿಗೆ ಯಂತ್ರ. ಗೋಡೆಯ ಜೊತೆ ತನ್ನ ತಲೆಯೂ ತೂತಾಗುತ್ತಿದೆ ಎಂದು ಅವಳು ಗೊಣಗದ ಸಂಜೆಯೇ ಇರಲಿಲ್ಲ.

ಒಂದು ದಿನ ಡ್ರಿಲ್ ಅರ್ಧ ಸ್ಕ್ರೂಗೇ ಉಸಿರು ಬಿಟ್ಟಿತು. ಎಷ್ಟು ಚಾರ್ಜ್ ಮಾಡಿದರೂ ಎರಡು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಆ ಮಾದರಿಯ ಬ್ಯಾಟರಿ ಈಗ ಬರುವುದಿಲ್ಲ, ಹೊಸ ಡ್ರಿಲ್ಲೇ ತಗೊಳ್ಳಿ ಎಂದ ಅಂಗಡಿಯವನು. ತೂತಪ್ಪನಿಗೆ ಮನಸ್ಸಾಗಲಿಲ್ಲ. ಗುಂಡುಕಲ್ಲಿನಂಥ ಮೋಟರನ್ನು ಹೇಗೆ ಎಸೆಯುವುದು ಎಂದು ಅದನ್ನು ಒರೆಸಿ ಬೀರುವಿನ ಮೇಲಿಟ್ಟ.

ಹೆಂಡತಿಯ ತಮ್ಮ ಬ್ಯಾಟರಿ ರಿಪೇರಿಯವನೇ. ಸ್ಕೂಟರಿನದು, ಡ್ರಿಲ್ಲಿನದು, ಎಲ್ಲ ಬಿಚ್ಚುತ್ತಿದ್ದ. ಆದರೆ ಅವನ ಹೆಸರೆತ್ತಿದರೆ ತೂತಪ್ಪ ಮುಖ ತಿರುಗಿಸುತ್ತಿದ್ದ. ಬಾಮೈದನ ಮುಂದೆ ಕೈಯೊಡ್ಡಿದರೆ ಅವನು ಜನ್ಮಪೂರ್ತಿ ಆಡಿಕೊಳ್ಳುತ್ತಾನೆ ಎಂಬುದು ಇವನ ಹೆದರಿಕೆ. ಹೆದರಿಕೆ ಸುಳ್ಳೇನಲ್ಲ.

ಮನೆ ಶಾಂತವಾಯಿತು. ಹೆಂಡತಿ ಖುಷಿಯಿಂದ ಸೂಜಿಗೆ ದಾರ ಪೋಣಿಸಿದಳು. ಆದರೆ ಮಾಡಲು ಕೆಲಸವಿಲ್ಲದ ತೂತಪ್ಪ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ತೋಳು ಸ್ವಲ್ಪ ಉದ್ದವಾಯಿತಲ್ಲ ಎಂದ. ಗುಂಡಿಯನ್ನು ಇನ್ನೊಂದು ಕಡೆ ಹಚ್ಚಿದರೆ ಹೇಗೆ ಎಂದ. ಅಳತೆಗೆ ಬಂದ ಹೆಂಗಸಿಗೆ ನಿಮಗೆ ಈ ಬಣ್ಣ ಒಪ್ಪುವುದಿಲ್ಲ ಎಂದು ಬುದ್ಧಿ ಹೇಳಿದ. ಡ್ರಿಲ್ಲಿನ ಸದ್ದೇ ವಾಸಿ ಅನ್ನಿಸಿತು ಅವಳಿಗೆ. ಆಮೇಲೊಂದು ಸಂಜೆ, ಅವನು ಬರಿಗೈಯಲ್ಲಿ ಗೋಡೆ ಸವರುತ್ತಾ ನಿಂತದ್ದನ್ನು ನೋಡಿ ಅವಳು ಅಯ್ಯೋ ಪಾಪ ಅಂದುಕೊಂಡಳು.

ಮಾರನೆಯ ದಿನ ಬ್ಯಾಟರಿಯನ್ನು ಬಟ್ಟೆಚೂರಿನ ಚೀಲದಲ್ಲಿ ಮುಚ್ಚಿಟ್ಟುಕೊಂಡು ತಮ್ಮನ ಅಂಗಡಿಗೆ ಹೋದಳು.

"ಭಾವ ಕಳಿಸಿದ್ರಾ?" ಎಂದು ಕೇಳಿದ ತಮ್ಮನ ಕಣ್ಣು ಹೊಳೆಯಿತು.

"ಅವರಿಗೆ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ."

ಅವನು ಮುಚ್ಚಳ ತೆಗೆದ. ಒಳಗೆ ಹೆಬ್ಬೆರಳಿನ ಗಾತ್ರದ ಸೆಲ್ಲುಗಳು, ತೆಳು ಲೋಹದ ಪಟ್ಟಿಗಳಿಂದ ಒಂದಕ್ಕೊಂದು ಬೆಸೆದುಕೊಂಡು ಕೂತಿದ್ದವು. ಮೀಟರ್ ಹಿಡಿದು ನೋಡಿದರೆ ಎರಡು ಪೂರ್ತಿ ಹೋಗಿದ್ದವು, ಉಳಿದವು ಕುಂಟುತ್ತಿದ್ದವು. ಆ ಎರಡನ್ನೇ ಬದಲಾಯಿಸಿದರೆ ಸಾಲದೇ ಎಂದು ಅವಳು ಕೇಳಿದಳು. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದರೆ ನೊಗ ನೆಟ್ಟಗೆ ನಿಲ್ಲುತ್ತದೆಯೇ ಎಂದು ನಕ್ಕು, ಅವನು ಎಲ್ಲ ಹಳೆಯ ಸೆಲ್ಲುಗಳನ್ನೂ ಬಿಡಿಸಿ, ಒಂದೇ ಥರದ ಹೊಸವನ್ನು ಸಾಲಾಗಿ ಜೋಡಿಸಿದ.

ಬೆಸೆಯುವ ಯಂತ್ರಕ್ಕೆ ಎರಡು ತಾಮ್ರದ ಮೊನೆ, ಕೆಳಗೊಂದು ಪೆಡಲ್. ಮೊನೆಗಳನ್ನು ಪಟ್ಟಿಯ ಮೇಲಿಟ್ಟು ಪೆಡಲ್ ಒತ್ತಿದರೆ ಟಿಕ್ ಎಂದು ಸಣ್ಣ ಕಿಡಿ, ಅಷ್ಟೇ. ಬಗ್ಗಿ ನೋಡುತ್ತಿದ್ದ ಅಕ್ಕನ ಕಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಅದನ್ನು ಕಂಡ ತಮ್ಮ ಎದ್ದು, ತನ್ನ ಕನ್ನಡಕ ಅವಳಿಗೆ ಹಾಕಿ, ಕುರ್ಚಿ ಬಿಟ್ಟುಕೊಟ್ಟ. ಮೊದಲನೆಯ ಟಿಕ್‌ಗೆ ಅವಳು ಬೆಚ್ಚಿದಳು. ಆಮೇಲೆ ಕೈ ಕುದುರಿತು. ಅಂಚು ಹೊಲಿದಷ್ಟೇ ನೇರವಾಗಿ ಬೆಸುಗೆಯ ಚುಕ್ಕಿಗಳು ಸಾಲು ಕಟ್ಟಿದವು. ತಮ್ಮ ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದ. ಯಾವುದೂ ಕಿತ್ತು ಬರಲಿಲ್ಲ.

ಸಂಜೆ ತೂತಪ್ಪ ಮನೆಗೆ ಬಂದಾಗ ಡ್ರಿಲ್ ಅವನ ಕುರ್ಚಿಯ ಮೇಲಿತ್ತು. ಒತ್ತಿದ. ಗರ್ರ್ ಎಂದಿತು. ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ನಿನ್ನ ತಮ್ಮ ಮಾಡಿದ್ದಾ?"

"ಅವನು ಜೋಡಿಸಿ ಕೊಟ್ಟ. ಬೆಸೆದಿದ್ದು ನಾನು."

ತೂತಪ್ಪ ಬ್ಯಾಟರಿ ಕಳಚಿ ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಮತ್ತೆ ಹಾಕಿ ಒತ್ತಿದ. ಹೆಂಡತಿಯ ಮುಖ ನೋಡಿದ. ಅವಳು ನಗು ತಡೆಯಲಾರದೆ ಅಳತೆಪಟ್ಟಿಯಿಂದ ಬಾಯಿ ಮುಚ್ಚಿಕೊಂಡಳು.

"ಒಳಗೆ ಹೇಗಿರುತ್ತೆ?" ಎಂದು ಕೇಳಿದ ಅವನು, ಮೆಲ್ಲಗೆ. ಅವಳು ಬಟ್ಟೆಯ ಮೇಲೆ ಗುರುತು ಹಾಕುವ ಬಳಪದಿಂದ ನೆಲದ ಮೇಲೆ ಸೆಲ್ಲುಗಳ ಸಾಲು ಬರೆದು ತೋರಿಸಿದಳು. ಅವನು ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದ, ಒಂದೂ ಬುದ್ಧಿಮಾತು ಹೇಳದೆ.

ಬಾಯಿ ಬಿಡಬೇಡ ಎಂದು ಅಕ್ಕ ಹೇಳಿದ್ದರೂ ಬಾಮೈದನ ಬಾಯಿ ಮೂರು ದಿನವೂ ಸುಮ್ಮನಿರಲಿಲ್ಲ. ರಜೆಯ ದಿನ ಅವನು ಗಿರಾಕಿಗಳ ಸತ್ತ ಬ್ಯಾಟರಿಗಳನ್ನು ಚೀಲ ತುಂಬಾ ಹೊತ್ತು ತಂದು, ವಾರಕ್ಕೆರಡು ಮಧ್ಯಾಹ್ನ ಅಂಗಡಿಗೆ ಬರುತ್ತೀಯಾ ಎಂದು ಅಕ್ಕನನ್ನು ಕೇಳಿದ. ಭಾವನ ಕಡೆ ತಿರುಗಿ, ಇನ್ನು ಮೇಲೆ ನಿಮ್ಮ ಡ್ರಿಲ್ ನಮ್ಮ ಮನೆತನದ ಕೃಪೆಯಿಂದ ಓಡುತ್ತದೆ ಎಂದೂ ಸೇರಿಸಿದ.

"ನಿನ್ನ ಮನೆತನ ಅಲ್ಲ," ಎಂದ ತೂತಪ್ಪ. "ನನ್ನ ಹೆಂಡತಿ."

ಅವಳು ತಲೆ ಬಗ್ಗಿಸಿ ಚೀಲದ ಗಂಟು ಬಿಚ್ಚತೊಡಗಿದಳು, ಕಿವಿ ಕೆಂಪಾಗಿತ್ತು. ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ಇಳಿದು ಬಂದು, ಮೊಮ್ಮಗಳಿಗೆ ವರಾಂಡದ ತೊಲೆಗೊಂದು ಉಯ್ಯಾಲೆ ಕಟ್ಟಿಕೊಡುತ್ತೀರಾ ಎಂದು ಕೇಳಿದಳು. ಭಾವ ಡ್ರಿಲ್ ಹಿಡಿದ, ಬಾಮೈದ ಏಣಿ ಹಿಡಿದ. ಕಟ್ಟಿದ್ದಾಯಿತು. ಗಟ್ಟಿಯಿದೆಯೇ ನೋಡುತ್ತೇನೆ ಎಂದು ಮೊದಲು ಕೂತವಳು ಅಜ್ಜಿಯೇ. ಮೊಮ್ಮಗಳು ಎಷ್ಟು ಎಳೆದರೂ ಅಜ್ಜಿ ಇಳಿಯಲೊಲ್ಲಳು. ಇನ್ನೂ ಸ್ವಲ್ಪ ಜೋರಾಗಿ ತಳ್ಳು ಎಂದು ತೂತಪ್ಪನಿಗೆ ಹೇಳುತ್ತಿದ್ದಳು.