ಅಜ್ಜಿ ತಿದ್ದಿದ ಹಾಡು

ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದ ಮೇಲೆ ಟೈಲರ್ ಮನೆಯಲ್ಲಿ ಒಂದೇ ಕೋಣೆಯನ್ನು ಮೂರು ಸದ್ದುಗಳು ಹಂಚಿಕೊಂಡವು: ಹೊಲಿಗೆ ಯಂತ್ರ, ಗಣಿತದ ಮೇಷ್ಟ್ರು, ಅಜ್ಜಿಯ ಕೆಮ್ಮು. ವಾರಕ್ಕೊಂದು ಸಂಜೆ ನಾಲ್ಕನೆಯದೂ ಸೇರುತ್ತಿತ್ತು. ಟೈಲರ್ ಮಗಳು ಪುಟ್ಟಿ ಕತ್ತರಿಸಿದ ಬಟ್ಟೆಯ ರಾಶಿಯ ಪಕ್ಕ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡುತ್ತಿದ್ದಳು. ಅವಳು ಶಾಲೆಯ ಗಾಯನ ತಂಡದಲ್ಲಿದ್ದಳು.

ತಂಡದವರು ಮೊದಲು ಫೋನಿನಲ್ಲೇ ಎಲ್ಲರೂ ಒಟ್ಟಿಗೆ ಹಾಡಿ ನೋಡಿದ್ದರು. ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ತಲುಪಿ, ಹಾಡು ಮೆಟ್ಟಿಲಿಂದ ಉರುಳಿದ ಪಾತ್ರೆಗಳಂತೆ ಕೇಳಿಸಿತ್ತು. ಆಗ ಹಾಡಿನ ಟೀಚರ್ ಬೇರೆ ದಾರಿ ಹುಡುಕಿದರು. ಅವರು ಕಳಿಸಿದ ಸಂಗೀತವನ್ನು ಕಿವಿಯಲ್ಲಿ ಕೇಳುತ್ತ ಪ್ರತಿಯೊಬ್ಬರೂ ತಮ್ಮ ಭಾಗವನ್ನಷ್ಟೇ ಹಾಡಿ ಕಳಿಸಬೇಕು. ಟೀಚರ್ ಎಲ್ಲವನ್ನೂ ಜೋಡಿಸುತ್ತಾರೆ.

ಎಡವಟ್ಟಾದದ್ದು ಇಲ್ಲೇ. ಸಂಗೀತ ಪುಟ್ಟಿಯ ಕಿವಿಯೊಳಗಿತ್ತು. ಮನೆಯವರಿಗೆ ಕೇಳಿಸಿದ್ದು ಅವಳ ದನಿ ಮಾತ್ರ.

"ಇದೇನೇ ಇದು? ಪದ ನಿಮ್ಮ ಹಾಡಿನದೇ, ರಾಗ ಮಾತ್ರ ಬೇರೆ ಯಾರ ಮನೆಯಿಂದಲೋ ತಂದಂಗಿದೆ" ಎಂದರು ಅಜ್ಜಿ.

"ನಂದು ಕೆಳಗಿನ ದನಿ ಅಜ್ಜಿ. ಅದು ಹಾಗೇ ಇರೋದು."

"ಎಷ್ಟು ಕೆಳಗೆ? ಬಾವಿಗೆ ಬಿದ್ದೋರು ಕೂಗಿದಂಗಿದೆ."

ಟೈಲರ್ ಯಂತ್ರ ನಿಲ್ಲಿಸಿದ. "ಶಾಲೇಲಿ ಅಷ್ಟು ಜನರ ಮಧ್ಯೆ ನಿಂತಿದ್ಲು, ಹಾಡೋಕೆ ಬರಲ್ಲ ಅಂತ ಗೊತ್ತಾಗ್ಲಿಲ್ಲ. ಇದನ್ನ ಬಿಟ್ಟು ಆ ಹೊತ್ತಲ್ಲಿ ಲೆಕ್ಕ ಮಾಡು ಪುಟ್ಟಿ."

"ಬಿಡೋದ್ಯಾಕೋ? ನಾನು ತಿದ್ತೀನಿ" ಎಂದರು ಅಜ್ಜಿ.

ಅಜ್ಜಿಯ ಕಿವಿ ಚುರುಕು. ಶಾಲೆಯ ಕಾರ್ಯಕ್ರಮದಲ್ಲಿ ಕೇಳಿದ ಹಾಡು ಅವರಿಗೆ ಬಾಯಿಪಾಠವಾಗಿತ್ತು. ಪುಟ್ಟಿಯ ದನಿಯನ್ನು ಸಾಲು ಸಾಲಾಗಿ ಮೇಲಕ್ಕೆತ್ತಿದರು. ಟೈಲರ್ ತಾನೇ ಫೋನನ್ನು ದಾರದ ಡಬ್ಬಿಗೆ ಒರಗಿಸಿಟ್ಟು ರೆಕಾರ್ಡ್ ಮಾಡಿದ. "ಈಗ ಹಾಡು ಹಾಡಿನ ಥರ ಇದೆ ನೋಡು" ಎಂದ.

ಪುಟ್ಟಿ ಅದನ್ನೇ ಕಳಿಸಿದಳು. ಸುತ್ತ ಗೆಳತಿಯರಿಲ್ಲದೆ ತನ್ನ ದನಿ ಅವಳಿಗೂ ಅಪರಿಚಿತವಾಗತೊಡಗಿತ್ತು. ಇಷ್ಟು ದಿನವೂ ತಪ್ಪಾಗಿಯೇ ಹಾಡುತ್ತಿದ್ದೆನೇನೋ, ಪಾಪ ಅನ್ನಿಸಿ ಯಾರೂ ಹೇಳಲಿಲ್ಲವೇನೋ ಅಂದುಕೊಂಡಳು. ಮರುದಿನ ಟೀಚರ್‌ಗೆ ಒಂದು ಸಂದೇಶ ಹಾಕಿದಳು: 'ನಾನು ತಂಡ ಬಿಡ್ತೀನಿ ಟೀಚರ್. ನಂಗೆ ಹಾಡೋಕೆ ಬರಲ್ಲ.'

ಟೀಚರ್ ತಕ್ಷಣ ಫೋನ್ ಮಾಡಿದರು. ಎತ್ತಿದ್ದು ಟೈಲರ್.

"ಹಾಡು ಬಂತಾ ಟೀಚರ್? ನಮ್ಮಮ್ಮ ತಿದ್ದಿ ಕೊಟ್ರು."

ಟೀಚರ್ ನಕ್ಕುಬಿಟ್ಟರು. "ಓಹೋ, ಅಜ್ಜಿ ಕೆಲಸವಾ ಇದು? ಅದಕ್ಕೇ ಪುಟ್ಟಿ ತಂಡ ಬಿಡ್ತೀನಿ ಅಂತ ಬರೆದಿದ್ದಾಳೆ. ನನ್ನ ಕೆಳಗಿನ ದನಿ ಎಲ್ಲಿ ಕಳೆದುಹೋಯ್ತು ಅಂತ ಹುಡುಕ್ತಿದ್ದೆ. ಸ್ಪೀಕರ್ ಹಾಕಿ, ಎಲ್ಲರೂ ಕೇಳಿ. ಮೊದಲು ಈ ವಾರ ಜೋಡಿಸಿದ್ದು."

ಹಾಡು ಚೆನ್ನಾಗಿಯೇ ಇತ್ತು. ಆದರೆ ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗಿತ್ತು.

"ಇದು ಶಾಲೆ ತೆಗೆದಿದ್ದಾಗ ಹಾಡಿದ್ದು. ಪುಟ್ಟಿ ಅವಳದೇ ಭಾಗ ಹಾಡಿದ್ದಾಳೆ."

ಅದೇ ಹಾಡು. ಈಗ ಅದರ ಕಾಲ ಕೆಳಗೆ ನೆಲವಿತ್ತು.

"ಆ ಕೆಳಗಡೆ ಗುಂಯ್ ಅಂತಿದೆಯಲ್ಲ, ಅದೇನು?" ಟೈಲರ್ ಕೇಳಿದ.

"ಅದು ನಿಮ್ಮ ಮಗಳು. ಎಲ್ಲರೂ ಮೇಲಿನ ರಾಗ ಹಾಡುವಾಗ ಇವಳು ಅದರ ಕೆಳಗೆ ಬೇರೆ ರಾಗ ಹಿಡೀತಾಳೆ. ಆ ದನಿಗೆ ನನಗಿರೋದು ಇವಳೊಬ್ಬಳೇ."

ಟೈಲರ್ ಕತ್ತರಿ ಕೆಳಗಿಟ್ಟ. "ಕೋಟಿನ ಒಳಗಿನ ಅಸ್ತರು ಒಂದನ್ನೇ ಎತ್ತಿ ಹಿಡಿದು, ಇದ್ಯಾವ ಸೀಮೆ ಕೋಟು ಅಂತ ಬೈದಂಗಾಯ್ತಲ್ಲಮ್ಮ ನಾವು."

"ಹಾಡಿಗೂ ಮಹಡಿ ಇರುತ್ತೆ ಅಂತ ನಂಗೇನು ಗೊತ್ತೋ" ಎಂದರು ಅಜ್ಜಿ.

"ನಿಮ್ಮ ಕಿವಿ ತಪ್ಪಿಲ್ಲ ಅಜ್ಜಿ" ಎಂದರು ಟೀಚರ್. "ಮೇಲಿನದು ನಿಮಗೆ ಬರುತ್ತಲ್ಲ, ಅದನ್ನ ನೀವು ಹಾಡಿ. ಅವಳು ಅವಳದ್ದು ಹಾಡ್ಲಿ. ಒಬ್ಬೊಬ್ಬರೇ ನಿಂತು ಹಾಡಿ ಹಾಡಿ ಮಕ್ಕಳಿಗೆ ತಮ್ಮ ಮೇಲೇ ಅನುಮಾನ ಬಂದಿದೆ."

"ನಾನಾ? ಹಲ್ಲಿನ ಸೆಟ್ ಹಾಕ್ಕೊಂಡೋ, ತೆಗೆದಿಟ್ಟೋ?"

"ಹಾಕ್ಕೊಂಡೇ ಹಾಡಿ."

ಅಜ್ಜಿ ಸೆರಗು ಸರಿಮಾಡಿಕೊಂಡು ಶುರು ಮಾಡಿದರು. ಪುಟ್ಟಿ ಮೊದಮೊದಲು ಜಾರಿ ಅಜ್ಜಿಯ ರಾಗಕ್ಕೇ ಹೋಗಿಬಿದ್ದಳು. ಅಜ್ಜಿ ಮೊಣಕೈಯಲ್ಲಿ ತಿವಿದು, "ನಿನ್ನ ಮನೆಗೆ ಹೋಗೇ" ಎಂದರು. ಮತ್ತೆ ಹಾಡಿದಾಗ ಎರಡು ದನಿಗಳೂ ತಮ್ಮ ತಮ್ಮ ದಾರಿಯಲ್ಲಿ ನಡೆದವು, ಜೊತೆಜೊತೆಗೇ. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಪುಟ್ಟಿಯ ಅಮ್ಮ ಸೂಜಿ ಬಿಟ್ಟು, "ಇನ್ನೊಂದ್ಸಲ" ಎಂದಳು.

ಆ ತಂಡದಲ್ಲಿ ಒಂದು ಪದ್ಧತಿಯಿದೆ. ಪ್ರತಿ ಶನಿವಾರ ಎಲ್ಲರೂ ವಿಡಿಯೋ ಕರೆಯಲ್ಲಿ ಸೇರಿ, ಒಬ್ಬರನ್ನು ಆರಿಸಿ, ಅವರ ಹಾಡಿನಲ್ಲಿ ತಮಗೇನು ಇಷ್ಟವೆಂದು ಹೇಳುತ್ತಾರೆ. ಆ ಶನಿವಾರ ಪುಟ್ಟಿಯ ಸರದಿ.

"ನಾನು ದಾರಿ ತಪ್ಪಿದಾಗೆಲ್ಲ ಇವಳ ಕಡೆ ಕಿವಿ ಕೊಟ್ಟು ವಾಪಸ್ ಬರ್ತೀನಿ" ಎಂದ ಒಬ್ಬ ಹುಡುಗ.

"ಮೊದಲನೇ ದಿನ ನಂಗೆ ತುಂಬ ಭಯ ಇತ್ತು. ಇವಳ ಪಕ್ಕ ನಿಂತೆ, ಸರಿಹೋಯ್ತು" ಎಂದಳು ಇನ್ನೊಬ್ಬಳು.

ಪರದೆಗೆ ಕಾಣದಂತೆ ಪಕ್ಕದಲ್ಲಿ ಕೂತಿದ್ದ ಟೈಲರ್ ಮೆಲ್ಲಗೆ ಕೇಳಿದ, "ಇದನ್ನೆಲ್ಲ ನಮಗ್ಯಾಕೆ ಹೇಳ್ಲಿಲ್ಲ ನೀನು?"

"ನಂಗೂ ಈಗಲೇ ಗೊತ್ತಾಗಿದ್ದಪ್ಪ. ನಾನು ತಂಡ ಬಿಡಲ್ಲ."

ಬಾಗಿಲಲ್ಲಿ ಗಿರಾಕಿಯೊಬ್ಬರು ಪ್ಯಾಂಟಿಗಾಗಿ ಕಾಯುತ್ತಿದ್ದರು. "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದ ಟೈಲರ್. "ನಮ್ಮ ಹುಡುಗಿ ತಂಡ ಬಿಡಲ್ವಂತೆ. ಒಂದು ಹಾಡು ಕೇಳ್ಕೊಂಡು ಹೋಗಿ."

ಓದುವವರೇ, ನಿಮ್ಮ ಮನೆಯ ಮೂಲೆಯಲ್ಲೂ ಒಂದು ಮಗು ಫೋನ್ ಹಿಡಿದು ನಿಂತಿರಬಹುದು. ಅದು ಹಾಡೋ, ನಾಟಕವೋ, ಆಟದ ತಂಡವೋ, ನಿಮಗೆ ಕಾಣುತ್ತಿರುವುದು ಅದರ ಒಂದು ತುಂಡು ಮಾತ್ರ. ಬಿಡು ಅನ್ನುವ ಮೊದಲು ಉಳಿದದ್ದನ್ನೂ ಒಮ್ಮೆ ಕೇಳಿ. ಟೀಚರ್ ಜೊತೆ ಮಾತಾಡಿ. ಫೋನಿಲ್ಲದ ಮಗು ಪಕ್ಕದ ಮನೆಯಲ್ಲಿದ್ದರೆ ಕರೆದು ಕೂರಿಸಿಕೊಳ್ಳಿ. ಇವತ್ತು ಸಂಜೆ ನಿಮ್ಮ ಮಗುವಿಗೆ ಒಂದು ಮಾತು ಹೇಳಿ: ನಿನ್ನ ಗೆಳೆಯರು ಹಾಡುವುದು ನಮಗೂ ಕೇಳಿಸು, ಆಮೇಲೆ ನೀನು ಹಾಡು.